ಹಂಚಿನ ಮೇಲೆ 1865 ಅಂತ ಇದೆ. ಹಾಗಾದರೆ ನಮ್ಮ ಚರ್ಚ್ ಕಟ್ಟಿದ್ದೂ ಆಗಲೇನಾ?

ಹಳೆಗಂಟೆ:
ಎಲ್ಲರಿಗೂ ನಮಸ್ಕಾರ. ಉಡುಪಿ ಮತ್ತು ಮಂಗಳೂರಿನ ನಡುವೆ ಒಂದು ಸಣ್ಣ ಊರು ನಮ್ಮದು. ಅಲ್ಲಿ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಶನರಿ ಸಂಸ್ಥೆ) ಕಾಲದ ಚರ್ಚ್ ಇದೆ. ಊರಿನ ಹೆಸರು ಈಗ ಬೇಡ, ಕಮಿಟಿಯಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ.

ಈ ಮಳೆಗಾಲದಲ್ಲಿ ವೇದಿಯ ಮೇಲಿನ ಮಾಡು, ಅಂದರೆ ಛಾವಣಿ, ಸೋರಲು ಶುರುವಾಯಿತು. ಆಳುಗಳನ್ನು ಕರೆಸಿ ಒಂದಷ್ಟು ಹಂಚು ಇಳಿಸಿದೆವು. ಹಂಚಿನ ಅಡಿಭಾಗ ತೊಳೆದು ನೋಡಿದರೆ ಇಂಗ್ಲಿಷಿನಲ್ಲಿ "ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865" ಎಂದು ಅಚ್ಚೊತ್ತಿದೆ. ನಮ್ಮ ಸಭೆಯ ಹಿರಿಯರೊಬ್ಬರು ಆ ಹಂಚನ್ನು ಕೈಯಲ್ಲಿ ಹಿಡಿದು ಅಂಗಳದಲ್ಲೇ ಎಲ್ಲರನ್ನೂ ಕರೆದರು. "ನೋಡಿ, ಇಸವಿ ಸಿಕ್ಕಿತು" ಅಂದರು. ಅವರ ಕಣ್ಣು ತುಂಬಿತ್ತು. ಈಗ ಸ್ಮರಣ ಸಂಚಿಕೆಯ ಮುಖಪುಟದಲ್ಲಿ 1865 ಎಂದು ಹಾಕುವ ತಯಾರಿ ನಡೆದಿದೆ.

ನನಗೆ ಯಾಕೋ ಅನುಮಾನ. ನಮ್ಮಲ್ಲಿ ಅಡಿಗಲ್ಲಿನ ಬರಹ ಇಲ್ಲ. ಒಂದು ಕಟ್ಟಡದ ವಯಸ್ಸು ತಿಳಿಯೋದು ಹೇಗೆ? ಇನ್ನೊಂದು ವಿಷಯ, ಕಮಿಟಿಯಲ್ಲಿ ಅರ್ಧ ಜನ ಇದನ್ನು ಕೆಡವಿ ಕಾಂಕ್ರೀಟ್ ಚರ್ಚ್ ಕಟ್ಟೋಣ ಅನ್ನುತ್ತಿದ್ದಾರೆ. ಅದಕ್ಕೇ ಈ ಪ್ರಶ್ನೆ ನನಗೆ ಅವಸರದ್ದು.

ಮುರಕಲ್ಲು:
ಅಕ್ಕ, ದಯವಿಟ್ಟು ಮುಖಪುಟ ನಿಲ್ಲಿಸಿ! 1865 ಅಂದರೆ ಕಾರ್ಖಾನೆ ಶುರುವಾದ ಇಸವಿ, ಆ ಹಂಚು ಸುಟ್ಟ ಇಸವಿ ಅಲ್ಲ. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚು ನಡೆಯಿತು. ನಮ್ಮ ಅಜ್ಜನ ದನದ ಹಟ್ಟಿಯ ಮೇಲೂ 1865 ಇದೆ. ಆ ಹಟ್ಟಿ ಕಟ್ಟಿದ್ದು ನನ್ನ ಅಪ್ಪ ಶಾಲೆಗೆ ಹೋಗುವಾಗ. ಯಾರದೋ ಹಳೇ ಮನೆ ಕೆಡವಿದಾಗ ಕೊಂಡು ತಂದ ಹಂಚು ಅದು.

ಕಡಲತಡಿಯವ:
ಇದೇ ತಪ್ಪು ನಮ್ಮ ಸಂಚಿಕೆಯಲ್ಲೂ ಆಗಿ ಹೋಗಿದೆ ಮಾರಾಯ್ರೇ. ಅಚ್ಚಾಗಿ ಮನೆ ಮನೆಗೆ ಹೋದ ಮೇಲೆ ಗೊತ್ತಾಯಿತು. ನೀವು ಬೇಗ ಕೇಳಿದ್ದು ಒಳ್ಳೇದಾಯಿತು.

ಪುಟತಿರುವಿ:
ಮುರಕಲ್ಲು ಹೇಳಿದ್ದು ಸರಿ. ಆದರೆ ಆ ಹಂಚಿನಿಂದ ಏನೂ ತಿಳಿಯುವುದಿಲ್ಲ ಅಂತ ಅಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್ 30ರಂದು. ಆಗ ಹಂಚಿನ ಕಾರ್ಖಾನೆಯ ಯೋಚನೆಯೇ ಇರಲಿಲ್ಲ. ಕ್ರೈಸ್ತರಾದವರಲ್ಲಿ ಬಹಳ ಮಂದಿ ಮೂರ್ತೆ (ಕಳ್ಳು ಇಳಿಸುವ ಕಸುಬು) ಮಾಡುತ್ತಿದ್ದ ಬಿಲ್ಲವರು. ಹೊಸ ಸಭೆಗೆ ಸೇರಿದ ಮೇಲೆ ಹಳೇ ಕಸುಬು ಹೋಯಿತು, ಮನೆಯವರೂ ದೂರವಾದರು. ಇವರ ಹೊಟ್ಟೆಗೆ ದಾರಿ ಬೇಕಲ್ಲ? ಹಾಗೆ ನೇಯ್ಗೆ ಬಂತು, ಪ್ರೆಸ್ ಬಂತು, ಆಮೇಲೆ ಹಂಚು ಬಂತು. ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ದಡದಲ್ಲಿ 1865ರಲ್ಲಿ ಹಂಚಿನ ಕೆಲಸ ಶುರು ಮಾಡಿದವರು ಜಾರ್ಜ್ ಪ್ಲೆಬ್ಸ್ಟ್. ಅವರು ಮೊದಲು ಬಂದದ್ದು ಪ್ರೆಸ್ಸಿನ ಕೆಲಸಕ್ಕೆ. ಆರಂಭದಲ್ಲಿ ಜೇಡಿಮಣ್ಣು ಹದ ಮಾಡಲು ಇದ್ದದ್ದು ಒಂದು ಜೋಡಿ ಎತ್ತು. ದಿನಕ್ಕೆ 560 ಹಂಚು ಆಗುತ್ತಿತ್ತು.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಹಿಡಿದಿಟ್ಟು ಆಮೇಲೆ ದೇಶದಿಂದ ಕಳುಹಿಸಿದರು. ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಆಮೇಲಿನ ಹಂಚಿನ ಮೇಲೆ ಆ ಹೆಸರೇ ಇರುತ್ತದೆ. ಅಂದರೆ ನಿಮ್ಮ ಹಂಚು 1865 ಮತ್ತು ಸುಮಾರು 1920ರ ನಡುವಿನದು. ಹಂಚು ಸುಟ್ಟ ಕಾಲ ಅಷ್ಟೇ ಇದು. ಮಾಡು ಯಾವಾಗ ಹೊದೆಸಿದರು ಅನ್ನೋದು ಬೇರೆ ಪ್ರಶ್ನೆ. ಗೋಡೆ ಎದ್ದದ್ದು ಯಾವಾಗ ಅನ್ನೋದು ಮತ್ತೂ ಬೇರೆ.

ಮೊದಲು ದೀಕ್ಷಾಸ್ನಾನದ ರಿಜಿಸ್ಟರ್ ಮತ್ತು ಸಮಾಧಿ ರಿಜಿಸ್ಟರ್ ಹುಡುಕಿ. ಚರ್ಚಿನ ಕಪಾಟಿನಲ್ಲಿ ಇರಲೇಬೇಕು.

ತೆಂಗಿನಗರಿ:
ಮಂಗಳೂರಿನಲ್ಲಿ ಚರ್ಚ್ ಅಂದರೆ 1568ರಿಂದಲೇ ಇದೆಯಲ್ಲ? ರೊಸಾರಿಯೊ. 1834 ಹೇಗೆ ಮೊದಲಾಗುತ್ತದೆ?

ಪುಟತಿರುವಿ:
ರೊಸಾರಿಯೊ ಕಥೊಲಿಕರದು, ಪೋರ್ಚುಗೀಸರ ಕಾಲದ್ದು. ಇಲ್ಲಿ ಮಾತಾಡುತ್ತಿರುವುದು ಪ್ರೊಟೆಸ್ಟೆಂಟರದು. ಎರಡೂ ಬೇರೆ ಬೇರೆ ಚರಿತ್ರೆ. ಭಾಷೆ ನೋಡಿದರೇ ಗೊತ್ತಾಗುತ್ತದೆ. ಅಲ್ಲಿ ಮನೆಮಾತು ಕೊಂಕಣಿ, ಅವರು ಇಗರ್ಜಿ ಅನ್ನುತ್ತಾರೆ. ಇಲ್ಲಿ ತುಳು ಮತ್ತು ಕನ್ನಡ, ಇವರು ಸಭೆ ಅನ್ನುತ್ತಾರೆ.

ತೆಂಗಿನಗರಿ:
ಸರಿ, ನನ್ನ ತಪ್ಪು. ಊರಲ್ಲಿ ನಾವು ಎಲ್ಲವನ್ನೂ ಇಗರ್ಜಿ ಅಂತಲೇ ಕರೆಯುತ್ತೇವೆ.

ಬೆಂಗಳೂರು ಪೇಟೆ:
ಒಂದು ಕಟ್ಟಡಕ್ಕೆ ಒಂದೇ ಇಸವಿ ಇರಬೇಕು ಅನ್ನುವ ಹಟ ಯಾಕೆ? ನಮ್ಮ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ನೋಡಿ. ಕೆಲಸ ಶುರುವಾದದ್ದು 1808, ಮುಗಿದದ್ದು 1812, ಬಿಷಪ್ ಬಂದು ಪ್ರತಿಷ್ಠೆ ಮಾಡಿದ್ದು 1816. 1923ರಲ್ಲಿ ಬೆಂಕಿ ಬಿತ್ತು. ಮತ್ತೆ ಕಟ್ಟಿ 1927ರಲ್ಲಿ ತೆರೆದರು. ಇವುಗಳಲ್ಲಿ ಯಾವುದು ನಿಜವಾದ ಇಸವಿ? ಎಲ್ಲವೂ. ನಿಮ್ಮ ಸಂಚಿಕೆಯಲ್ಲೂ ಸಭೆ ಹುಟ್ಟಿದ ಇಸವಿ ಬೇರೆ, ಕಟ್ಟಡದ ಇಸವಿ ಬೇರೆ ಅಂತ ಬರೆಯಿರಿ. ಓದುವವರಿಗೆ ಅರ್ಥವಾಗುತ್ತದೆ.

ಧಾರವಾಡದ ಮಳೆ:
ಇದು ಖರೇ ಮಾತು. ನಮ್ಮ ಧಾರವಾಡಕ್ಕೆ ಮಿಶನ್ನಿನವರು ಬಂದದ್ದು 1837ರಾಗ. ಬಂದ ವರ್ಷವೇ ಯಾರೂ ಚರ್ಚ್ ಕಟ್ಟಲಿಲ್ಲ. ಮೊದಲು ಮಿಶನರಿಯ ಮನಿ ಪಡಸಾಲಿಯೊಳಗ ಪ್ರಾರ್ಥನಾ, ಆಮ್ಯಾಲ ಸಾಲಿ, ಆಮ್ಯಾಲ ಚರ್ಚ್. ಹೆಚ್ಚೂಕಡಿಮಿ ಎಲ್ಲಾ ಊರಾಗೂ ಇದೇ ನಡದದ.

ಹೊಸ ಕಟ್ಟಡ ಬೇಕು:
ನಾನು ಇಲ್ಲಿ ಒಂಟಿ ಅಂತ ಗೊತ್ತು. ಆದರೂ ಹೇಳಲೇಬೇಕು. ಇಸವಿ ಯಾವುದಾದರೂ ಇರಲಿ, ಭಾನುವಾರ ಆರಾಧನೆಗೆ ಬರುವವರ ಕಷ್ಟ ಯಾರು ನೋಡುತ್ತಾರೆ? ನಮ್ಮ ಸಭೆಯಲ್ಲೂ ಇಂಥದೇ ಹಳೇ ಕಟ್ಟಡ ಇತ್ತು. ಮಳೆಗಾಲದಲ್ಲಿ ಬೆಂಚಿನ ಕೆಳಗೆ ಬಕೆಟ್ ಇಡುತ್ತಿದ್ದೆವು. ನನ್ನ ಅಮ್ಮನಿಗೆ ಮೊಣಕಾಲು ನೋವು. ಬಾಗಿಲ ಮುಂದಿನ ಐದು ಮೆಟ್ಟಿಲು ಹತ್ತಲಾಗದೆ ಎರಡು ವರ್ಷ ಕರ್ತನ ಭೋಜನ ತೆಗೆದುಕೊಳ್ಳಲು ಹೊರಗೆ ಆಟೋದಲ್ಲೇ ಕೂತಿದ್ದರು. ಅಯ್ಯನವರು ಅಲ್ಲಿಗೇ ಬಂದು ಕೊಡುತ್ತಿದ್ದರು. ಹೊಸದು ಕಟ್ಟಿದ ಮೇಲೆ ಅಮ್ಮ ಮತ್ತೆ ಒಳಗೆ ಬಂದರು. ಸಭೆ ಅಂದರೆ ಜನ, ಕಲ್ಲು ಹಂಚು ಅಲ್ಲ.

ಮುರಕಲ್ಲು:
ಅಮ್ಮನ ವಿಷಯ ಕೇಳಿ ಮನಸ್ಸಿಗೆ ತಟ್ಟಿತು. ಆದರೆ ಐದು ಮೆಟ್ಟಿಲಿಗೆ ಇಳಿಜಾರು ದಾರಿ ಮಾಡಿದರೆ ಆಗುತ್ತಿತ್ತು, ಅಲ್ವಾ? ಇಡೀ ಚರ್ಚ್ ಕೆಡವಬೇಕಿತ್ತಾ?

ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕೆಂಪುಕಲ್ಲಿನ ಗೋಡೆ ಸುಮ್ನೆ ಹಾಳಾಗುವುದಿಲ್ಲ. ಕ್ವಾರಿಯಿಂದ ತೆಗೆಯುವಾಗ ಆ ಕಲ್ಲು ಮೆತ್ತಗೆ, ಕೊಡಲಿಯಲ್ಲೇ ಕೆತ್ತಬಹುದು. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಳಬರು ಅದರ ಮೇಲೆ ಸುಣ್ಣದ ಗಾರೆ ಹಚ್ಚಿದರು. ಸುಣ್ಣದ ಮೂಲಕ ಗೋಡೆಯ ಪಸೆ ಹೊರಗೆ ಹೋಗುತ್ತದೆ. ನಾವು ಏನು ಮಾಡುತ್ತೇವೆ? ಅದರ ಮೇಲೆ ಸಿಮೆಂಟ್ ಹಚ್ಚಿ, ಪ್ಲಾಸ್ಟಿಕ್ ಪೇಂಟ್ ಬಳಿಯುತ್ತೇವೆ. ಪಸೆ ಒಳಗೇ ಕೂರುತ್ತದೆ. ಎರಡು ಮಳೆಗಾಲ ಕಳೆದರೆ ಪೇಂಟ್ ಗುಳ್ಳೆ ಏಳುತ್ತದೆ, ಸಿಮೆಂಟ್ ಹಲಗೆ ಹಲಗೆಯಾಗಿ ಕಳಚುತ್ತದೆ. ಆಗ "ಗೋಡೆ ಹಾಳಾಯ್ತು, ಕೆಡವಿ" ಅನ್ನುತ್ತಾರೆ. ಇದನ್ನು ನಾನು ಎಷ್ಟು ಕಡೆ ನೋಡಿದ್ದೇನೆ ಅಂದರೆ ಹೇಳಲು ಬೇಸರವಾಗುತ್ತದೆ.

ಹಳೆಗಂಟೆ ಅಕ್ಕ, ನಿಮ್ಮ ಗೋಡೆಗೆ ಸಿಮೆಂಟ್ ಬಿದ್ದಿದೆಯಾ?

ಹಳೆಗಂಟೆ:
ಬಿದ್ದಿದೆ. ಹತ್ತು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರು ಒಳಗೋಡೆಗೆ ಎದೆಮಟ್ಟದವರೆಗೆ ಸಿಮೆಂಟ್ ಮಾಡಿಸಿದರು. ಈಗ ಸರಿಯಾಗಿ ಆ ಎದೆಮಟ್ಟದವರೆಗೇ ಗುಳ್ಳೆ. ಮೇಲಿನ ಸುಣ್ಣದ ಗೋಡೆ ಹಾಗೇ ಇದೆ. ನೀವು ಹೇಳುವವರೆಗೆ ಇದು ನನಗೆ ಹೊಳೆದೇ ಇರಲಿಲ್ಲ!

ಮುರಕಲ್ಲು:
ಅದೇ. ಸಿಮೆಂಟ್ ಕೆತ್ತಿಸಿ. ಒಂದು ಬೇಸಿಗೆ ಪೂರ್ತಿ ಗೋಡೆ ಒಣಗಲು ಬಿಡಿ. ಆಮೇಲೆ ಸುಣ್ಣದ ಗಾರೆ. ಅವಸರ ಮಾಡಬೇಡಿ.

ಹೊಸ ಕಟ್ಟಡ ಬೇಕು:
ಇಳಿಜಾರು ದಾರಿಯ ಮಾತು ನಮಗೆ ಆಗ ಯಾರೂ ಹೇಳಲಿಲ್ಲ. ಹೇಳಿದ್ದರೆ ಒಮ್ಮೆ ಯೋಚಿಸುತ್ತಿದ್ದೆವೇನೋ. ಆದರೆ ಜಾಗ ಸಾಲದು ಅನ್ನುವ ಮಾತು ಇದ್ದೇ ಇದೆ. ಕ್ರಿಸ್ಮಸ್ ದಿನ ಅರ್ಧ ಜನ ಹೊರಗೆ ನಿಲ್ಲುತ್ತಾರೆ.

ಕಡಲತಡಿಯವ:
ಕ್ರಿಸ್ಮಸ್ಸಿಗೆ ಒಂದು ದಿನ ಚಪ್ಪರ ಹಾಕಬಹುದು. ಉಳಿದ ಭಾನುವಾರ ಎಷ್ಟು ಬೆಂಚು ಖಾಲಿ ಇರುತ್ತವೆ ಅಂತ ಎಣಿಸಿ ನೋಡಿ.

ಮೂಲ್ಕಿ ಮಗಳು:
ನನಗೆ ಕಟ್ಟಡದ ವಿಷಯ ಗೊತ್ತಿಲ್ಲ, ನೆನಪು ಮಾತ್ರ ಇದೆ. ಅಜ್ಜಿ ನನ್ನನ್ನು ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದರು. ಹೆಂಗಸರು ಎಡಗಡೆ, ಗಂಡಸರು ಬಲಗಡೆ. ಅಜ್ಜಿಯ ಬೆಂಚಿನ ಹಿಂದಿನ ಹಲಗೆಯಲ್ಲಿ ಹಾಡಿನ ಪುಸ್ತಕ ಇಡುವ ಕಡೆ ಒಂದು ತಗ್ಗು ಬಿದ್ದಿತ್ತು. ಅಜ್ಜಿಗೆ ಮೊದಲು ಅವರ ಅತ್ತೆ ಅಲ್ಲೇ ಕೂರುತ್ತಿದ್ದರಂತೆ. ಮೂರು ತಲೆಮಾರಿನ ಹೆಬ್ಬೆರಳು ಉಜ್ಜಿ ಆದ ತಗ್ಗು ಅದು. ನಾನೂ ಬೆರಳಿಟ್ಟು ನೋಡುತ್ತಿದ್ದೆ, ತಣ್ಣಗೆ ನುಣುಪಾಗಿತ್ತು. ಅಜ್ಜಿ ತುಳುವಿನಲ್ಲೇ ಹಾಡುತ್ತಿದ್ದರು, ಪುಸ್ತಕ ತಲೆಕೆಳಗಾಗಿ ಹಿಡಿದಿದ್ದರೂ ಒಂದು ಸಾಲು ತಪ್ಪುತ್ತಿರಲಿಲ್ಲ.

ಕಟ್ಟಡ ದುರಸ್ತಿ ಮಾಡುವಾಗ ಆ ಬೆಂಚುಗಳನ್ನು ಮಾರಿದರು. ಯಾರ ಮನೆಗೆ ಹೋದವೋ. ಹಳೆಗಂಟೆ ಅವರೇ, ಏನಾದರೂ ಮಾಡಿ, ಬೆಂಚು ಮಾರಬೇಡಿ.

ಪುಟತಿರುವಿ:
ತುಳು ಹಾಡಿನ ಮಾತು ಬಂತು, ಅದಕ್ಕೆ ಹೇಳುತ್ತೇನೆ. ತುಳು ಭಾಷೆಯಲ್ಲಿ ಹೊಸ ಒಡಂಬಡಿಕೆ 1847ಕ್ಕೇ ಮಂಗಳೂರಿನಲ್ಲಿ ಅಚ್ಚಾಯಿತು, ಕನ್ನಡ ಲಿಪಿಯಲ್ಲಿ. ಆಗಸ್ಟ್ ಮೆನ್ನರ್ ಅವರ ತುಳು ನಿಘಂಟು 1886ರದ್ದು. ತುಳುವನ್ನು ಕನ್ನಡ ಅಕ್ಷರದಲ್ಲಿ ಓದುವ ರೂಢಿ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಕೂತದ್ದರಲ್ಲಿ ಈ ಪ್ರೆಸ್ಸಿನ ಪಾಲು ದೊಡ್ಡದು.

ತೆಂಗಿನಗರಿ:
ಜುಲೈ 1 ಪತ್ರಿಕಾ ದಿನ ಅಂತ ಮಾಡುವುದೂ ಇವರಿಂದಲೇ ಅಲ್ವಾ? ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1843. ತೆಗೆದವರು ಮಿಶನ್ನಿನ ಮೊಗ್ಲಿಂಗ್.

ಧಾರವಾಡದ ಮಳೆ:
ಹೌದು. ಕಲ್ಲಚ್ಚಿನಾಗ ತೆಗೆದ ಪತ್ರಿಕೆ. ಮತ್ತ ಕಿಟ್ಟೆಲ್ ಮರಿಬ್ಯಾಡ್ರಿ. 1894ರಲ್ಲಿ ಮಂಗಳೂರಿನ ಅದೇ ಪ್ರೆಸ್ಸಿನಾಗ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾತು. 70 ಸಾವಿರದಷ್ಟು ಶಬ್ದ. ಆದ್ರ ಅದರ ಕೆಲಸಾ ನಮ್ಮ ಧಾರವಾಡದಾಗೂ ನಡದದ, ಬರೀ ಮಂಗಳೂರಿಂದು ಅನ್ನಬ್ಯಾಡ್ರಿ.

ಕಡಲತಡಿಯವ:
ಖಾಕಿ ಬಣ್ಣವನ್ನೂ ಸೇರಿಸಿ. ಮಂಗಳೂರಿನ ಬಲ್ಮಠದಲ್ಲಿದ್ದ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಕಂಡುಹಿಡಿದದ್ದು. ಇವತ್ತು ಪೊಲೀಸರು ಹಾಕುವ ಬಟ್ಟೆ ನಮ್ಮೂರಿನದು!

ಪುಟತಿರುವಿ:
ಇದನ್ನು ಒಪ್ಪಲಾರೆ. ಹಾಲರ್ ಮಂಗಳೂರಿನಲ್ಲಿ ಖಾಕಿ ಬಣ್ಣ ತಯಾರಿಸಿದ ಮಾತು 1850ರ ಆಸುಪಾಸಿನದು. ಆದರೆ ಬ್ರಿಟಿಷ್ ಭಾರತದ ವಾಯವ್ಯ ಗಡಿಯಲ್ಲಿ ಸೇನಾಧಿಕಾರಿ ಲಮ್ಸ್‌ಡೆನ್ ಅವರ ಗೈಡ್ಸ್ ಪಡೆ 1840ರ ದಶಕದಲ್ಲೇ ಮಣ್ಣಿನ ಬಣ್ಣದ ಬಟ್ಟೆ ಹಾಕಿತ್ತು. ಖಾಕಿ ಅನ್ನುವ ಪದವೇ ಆ ಕಡೆಯದು, ಧೂಳು ಅಂತ ಅರ್ಥ. ಬಲ್ಮಠದಲ್ಲಿ ಒಳ್ಳೆಯ ಖಾಕಿ ಬಟ್ಟೆ ಆಯಿತು ಅನ್ನಿ. ಅದು ಸಾಲದೇ?

ಕಡಲತಡಿಯವ:
ಚಿಕ್ಕಂದಿನಿಂದ ಕೇಳಿದ್ದು. ಬಿಡಲು ಮನಸ್ಸಿಲ್ಲ. ಓದಿ ನೋಡುತ್ತೇನೆ.

ಬೆಂಗಳೂರು ಪೇಟೆ:
ಇಷ್ಟು ಹೊತ್ತು ಎಲ್ಲರೂ ಹೇಳಿದ ಹೆಸರು ನೋಡಿ. ಹೆಬಿಕ್, ಪ್ಲೆಬ್ಸ್ಟ್, ಮೊಗ್ಲಿಂಗ್, ಕಿಟ್ಟೆಲ್, ಹಾಲರ್. ಗೋಡೆ ಕಟ್ಟಿದವರು ಯಾರು? ಹಂಚು ಹೊತ್ತವರು ಯಾರು? ನಮ್ಮ ಬೆಂಗಳೂರಿನಲ್ಲೂ ರೈಸ್ ಸ್ಮಾರಕ, ಹಡ್ಸನ್ ಸ್ಮಾರಕ ಅಂತ ಬಿಳಿಯರ ಹೆಸರಿನ ಚರ್ಚುಗಳೇ. ಅವರ ಕೆಲಸಕ್ಕೆ ನನಗೆ ಗೌರವ ಇದೆ. ಆದರೆ ಕಲ್ಲು ಕಡಿದ ಕೈಗೂ ಒಂದು ಹೆಸರು ಇತ್ತು.

ಮೂಲ್ಕಿ ಮಗಳು:
ಬೆಂಗಳೂರು ಪೇಟೆ ಅವರ ಮಾತು ಓದಿ ನನ್ನ ಅಜ್ಜಿಯ ಅಪ್ಪ ನೆನಪಾದರು. ಅವರು ಹಂಚಿನ ಕಾರ್ಖಾನೆಯಲ್ಲಿ ಇದ್ದರು ಅಂತ ಗೊತ್ತು, ಅಷ್ಟೇ. ಒಂದು ಫೋಟೋ ಕೂಡ ಇಲ್ಲ.

ಪುಟತಿರುವಿ:
ಫೋಟೋ ಸಿಗಬಹುದು ಅಕ್ಕ. ಬಾಸೆಲ್‌ನ ಮಿಶನ್ ಆರ್ಕೈವ್ಸ್‌ನಲ್ಲಿ ಹಳೇ ಚಿತ್ರಗಳು ತುಂಬಾ ಇವೆ, ಸಾವಿರಾರು ಚಿತ್ರ ಇಂಟರ್ನೆಟ್ಟಿನಲ್ಲೂ ಇವೆ. ಊರಿನ ಹೆಸರನ್ನು ಹಳೇ ಕಾಗುಣಿತದಲ್ಲಿ ಹಾಕಿ ಹುಡುಕಿ. ಮಂಗಳೂರಿಗೆ ಹತ್ತಿರ ಇದ್ದರೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ಗೂ ಹೋಗಿ.

ಇನ್ನು ಸ್ಥಳೀಯರ ಹೆಸರು ಪೂರ್ತಿ ಇಲ್ಲ ಅನ್ನಲು ಬರುವುದಿಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು, ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ವಾಪಸ್ ಬಂದು ಇಲ್ಲೇ ಕೆಲಸ ಮಾಡಿದರು. ಆದರೆ ಅವರು ಓದಿದ ಮನೆತನದವರು. ಮೇಸ್ತ್ರಿ, ಆಚಾರಿಗಳ ಹೆಸರು ಬೇಕಾದರೆ ಪುಸ್ತಕದಲ್ಲಿ ಹುಡುಕಬಾರದು, ಲೆಕ್ಕದ ಕಡತದಲ್ಲಿ ಹುಡುಕಬೇಕು.

ಹಳೆಗಂಟೆ:
ಎರಡು ದಿನ ಬರಲಾಗಲಿಲ್ಲ, ಕ್ಷಮಿಸಿ. ಕಪಾಟು ತೆಗೆಸಿದೆ! ಬೀಗದ ಕೈ ಸಿಗದೆ ಕೊಂಡಿಯನ್ನೇ ಬಿಚ್ಚಿಸಬೇಕಾಯಿತು. ದೀಕ್ಷಾಸ್ನಾನದ ರಿಜಿಸ್ಟರ್ ಇದೆ. ಮೊದಲ ಹನ್ನೊಂದು ಪುಟ ನನಗೆ ಓದಲು ಬಾರದ ಕೈಬರಹ, ಸೊಳ್ಳೆಯ ಕಾಲಿನ ಹಾಗೆ ಬಾಗಿದ ಅಕ್ಷರ. ಆಮೇಲೆ ಕನ್ನಡ. ಮೊದಲ ಪುಟದ ಫೋಟೋ ಪುಟತಿರುವಿ ಅವರಿಗೆ ಕಳುಹಿಸಿದ್ದೇನೆ.

ಪುಟತಿರುವಿ:
ನೋಡಿದೆ. ಅದು ಹಳೇ ಜರ್ಮನ್ ಕೂಡುಬರಹ. ಮೊದಲ ನಾಲ್ಕು ದೀಕ್ಷಾಸ್ನಾನ 1865ಕ್ಕಿಂತ ಹಿಂದಿನವು! ಅಂದರೆ ನಿಮ್ಮ ಸಭೆ ಹಂಚಿನ ಕಾರ್ಖಾನೆಗಿಂತ ಹಿರಿಯದು. ನಿಮ್ಮ ಹಿರಿಯರಿಗೆ ಹೇಳಿ, ಅವರ ಖುಷಿ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ.

ಕಡಲತಡಿಯವ:
ಹಾಗಾದರೆ ಮೊದಲ ಮಾಡು ಹಂಚಿನದಾಗಿರಲಿಕ್ಕಿಲ್ಲ. ಮುಳಿಹುಲ್ಲು ಇಲ್ಲವೇ ತೆಂಗಿನ ಮಡಲು.

ರೀಪು ಪಕ್ಕಾಸು:
ಈಗಷ್ಟೇ ಎಲ್ಲ ಓದಿದೆ. ನನ್ನ ಅಜ್ಜ ಆಚಾರಿ, ನಾನೂ ಮರದ ಕೆಲಸದವನು. ಯಾರೂ ಮರ ನೋಡಿ ಅಂತ ಹೇಳಲಿಲ್ಲವಲ್ಲ! ಹಂಚು ಬದಲಾಗುತ್ತದೆ, ಪಕ್ಕಾಸು (ಮಾಡು ಹೊರುವ ಇಳಿಜಾರು ಮರಗಳು) ಅಷ್ಟು ಬೇಗ ಬದಲಾಗುವುದಿಲ್ಲ. ಹಂಚು ಇಳಿಸಿದ ಜಾಗದಲ್ಲಿ ಏಣಿ ಹಾಕಿ, ಟಾರ್ಚನ್ನು ಅಡ್ಡಕ್ಕೆ ಹಿಡಿದು ಪಕ್ಕಾಸಿನ ಬದಿ ನೋಡಿ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ, ಅಡ್ಡ ಬೆಳಕಿನಲ್ಲಿ ಕಾಣುತ್ತದೆ. ಕೆಳಗೆ ನೆಲದಲ್ಲೇ ಎಲ್ಲ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಮೇಲೆ ಸಾಗಿಸುತ್ತಿದ್ದರು. ಆ ಗುರುತು ಉಳಿದಿರುತ್ತದೆ. ಮತ್ತೆ ರೀಪಿನ, ಅಂದರೆ ಪಕ್ಕಾಸಿಗೆ ಅಡ್ಡಲಾಗಿ ಹೊಡೆದು ಹಂಚು ಕೂರಿಸುವ ಪಟ್ಟಿಗಳ, ಹಳೇ ಮೊಳೆ ತೂತುಗಳ ಅಂತರ ಅಳೆಯಿರಿ. ಈಗಿನ ಹಂಚಿನ ಅಳತೆಗೆ ಹೊಂದದ ತೂತು ಇದ್ದರೆ, ಆ ಮರದ ಮೇಲೆ ಮೊದಲು ಬೇರೆ ಏನೋ ಹೊದೆಸಿದ್ದರು ಅಂತ.

ಮುರಕಲ್ಲು:
ಇದು ನನಗೂ ಹೊಸದು. ಅಣ್ಣ, ಮುಂದಿನ ಸಲ ನಿಮ್ಮನ್ನು ಸೈಟಿಗೆ ಕರೆಯುತ್ತೇನೆ.

ಹಳೆಗಂಟೆ:
ಇವತ್ತು ಬೆಳಿಗ್ಗೆ ಹತ್ತಿದೆ. ಕೆಳಗೆ ಏಣಿ ಹಿಡಿದವರು ಅದೇ ಹಿರಿಯರು.

ಪಕ್ಕಾಸಿನ ತುದಿಯಲ್ಲಿ, ಜೋಡಣೆಗಿಂತ ಒಂದು ಗೇಣು ಕೆಳಗೆ, ಉಳಿಯಿಂದ ಕೆತ್ತಿದ ಗುರುತು ಇದೆ. ಗೆರೆಗಳಲ್ಲ, ಕನ್ನಡ ಅಂಕಿ! ೪, ೫, ೬, ೭. ೬ರ ಬಾಲ ಸ್ವಲ್ಪ ಉದ್ದವಾಗಿ ಎಳೆದಿದ್ದಾರೆ, ಉಳಿ ಜಾರಿರಬೇಕು. ಪ್ರತಿ ಅಂಕಿಯ ಎದುರಿನ ಮರದಲ್ಲೂ ಅದೇ ಅಂಕಿ. ಬೆರಳಿನಿಂದ ಧೂಳು ಒರೆಸುತ್ತಾ ಹೋದೆ. ಕೆಳಗಿನಿಂದ ಅವರು "ಏನುಂಟು, ಏನುಂಟು" ಅಂತ ಕೇಳುತ್ತಲೇ ಇದ್ದರು. ನನಗೆ ಗಂಟಲು ಕಟ್ಟಿ ಉತ್ತರ ಕೊಡಲಾಗಲಿಲ್ಲ. ಕನ್ನಡ ಅಂಕಿ ಬಲ್ಲ ಆಚಾರಿ ಇಲ್ಲಿ ಕೂತು ಒಂದೊಂದನ್ನೇ ಕೆತ್ತಿದ್ದಾರೆ.

ಮೊಳೆ ತೂತನ್ನೂ ಅಳೆದೆ. ಎರಡು ಸಾಲು ಇದೆ. ಹಳೇ ಸಾಲಿನ ಅಂತರ ಈಗಿನ ರೀಪಿಗೆ ಹೊಂದುವುದಿಲ್ಲ.

ಸಂಜೆ ಕಮಿಟಿ ಕೂಡಿತ್ತು. ಮುಖಪುಟದಿಂದ 1865 ತೆಗೆಯಲು ಒಪ್ಪಿದ್ದಾರೆ. ಮೊದಲ ದೀಕ್ಷಾಸ್ನಾನದ ಸಾಲು ಒಂದು ಕಡೆ, ಪಕ್ಕಾಸಿನ ಅಂಕಿಯ ಫೋಟೋ ಇನ್ನೊಂದು ಕಡೆ ಬರುತ್ತದೆ. ಕೆಡವುವ ಮಾತು ಪೂರ್ತಿ ನಿಂತಿಲ್ಲ, ಆದರೆ ಈ ಬೇಸಿಗೆಗೆ ಮಾಡು ಮತ್ತು ಗೋಡೆ ದುರಸ್ತಿ ಅಂತ ತೀರ್ಮಾನವಾಗಿದೆ. ಬಾಗಿಲ ಪಕ್ಕ ಇಳಿಜಾರು ದಾರಿಯನ್ನೂ ಸೇರಿಸಿದೆವು. ಹೊಸ ಕಟ್ಟಡ ಬೇಕು ಅವರೇ, ನಿಮ್ಮ ಅಮ್ಮನ ಮಾತು ಅಲ್ಲಿ ಹೇಳಿದೆ.

ಹೊಸ ಕಟ್ಟಡ ಬೇಕು:
ಅಮ್ಮನಿಗೆ ಓದಿ ಹೇಳುತ್ತೇನೆ. ಕೈಹಿಡಿ ಕಂಬಿ ಎರಡೂ ಕಡೆ ಹಾಕಿಸಿ, ಒಂದೇ ಕಡೆ ಸಾಲದು.

ಮೂಲ್ಕಿ ಮಗಳು:
ಬೆಂಚು?

ಹಳೆಗಂಟೆ:
ಒಂದೂ ಮಾರುವುದಿಲ್ಲ ಅಕ್ಕ.

ರೀಪು ಪಕ್ಕಾಸು:
ಇನ್ನು ಹಂಚು ಇಳಿಸುವಾಗ ಆಳುಗಳಿಗೆ ಹೇಳಿ, ಒಂದರ ಮೇಲೊಂದು ಮಲಗಿಸಿದರೆ ಕೆಳಗಿನದು ಒಡೆಯುತ್ತದೆ, ಗೋಡೆಗೆ ಒರಗಿಸಿ ನಿಲ್ಲಿಸಲಿ. ಪಕ್ಕಾಸು ಬಿಚ್ಚುವ ಮೊದಲು ಎಲ್ಲ ಅಂಕಿಯ ಫೋಟೋ ತೆಗೆಯಿರಿ. ೧ರಿಂದ ೩ ಎಲ್ಲಿವೆ ಅಂತ ನನಗೂ ತಿಳಿಸಿ.